45 ಗ್ರಾಂ ಅಂದರೆ ಎಷ್ಟು ಕೆ.ಜಿ.? ಮಗಳಿಗೆ ಹೇಗೆ ಹೇಳಿಕೊಡಲಿ?

ಪ್ರಶ್ನೆ: ಮಗಳು ಆರನೇ ಕ್ಲಾಸು. 2.75 ಕಿ.ಮೀ. ಅಂದರೆ 2,750 ಮೀಟರ್ ಅಂತ ಥಟ್ ಅಂತ ಹೇಳುತ್ತಾಳೆ. ಆದರೆ 45 ಗ್ರಾಂ ಅನ್ನು ಕೆ.ಜಿ. ಮಾಡು ಅಂದರೆ 0.45 ಅಂತ ಬರೆಯುತ್ತಾಳೆ. ಎಲ್ಲಿ ಎಡವುತ್ತಿದ್ದಾಳೆ?

ಉತ್ತರ: ಸಾವಿರಕ್ಕೆ ಮೂರು ಸೊನ್ನೆ, ಹಾಗಾಗಿ ಬಿಂದು ಮೂರು ಸ್ಥಾನ ಎಡಕ್ಕೆ ಹೋಗಬೇಕು. 45ರಲ್ಲಿ ಇರುವುದು ಎರಡೇ ಅಂಕಿ, ಆದ್ದರಿಂದ ಖಾಲಿ ಉಳಿದ ಸ್ಥಾನಕ್ಕೆ ಸೊನ್ನೆ ತುಂಬಿದರೆ 0.045 ಬರುತ್ತದೆ. 0.45 ಕೆ.ಜಿ. ಅಂದರೆ 450 ಗ್ರಾಂ, ಹೆಚ್ಚುಕಡಿಮೆ ಅರ್ಧ ಕೆ.ಜಿ. ಆಯ್ತಲ್ವಾ? ಅಡುಗೆಮನೆ ತಕ್ಕಡಿಯಲ್ಲಿ ಎರಡನ್ನೂ ತೂಗಿ ತೋರಿಸಿ, ಸುಮ್ನೆ ಬಾಯಿಪಾಠ ಬೇಡ.

ಉತ್ತರ: ಚದರ ಅಳತೆ ಬಂದಾಗ ಹುಷಾರು. ಮೀಟರಿಗೆ 100 ಸೆಂ.ಮೀ. ಸರಿ, ಆದರೆ ಚದರ ಮೀಟರಿಗೆ 10,000 ಚದರ ಸೆಂ.ಮೀ. ಅಲ್ಲಿ ಬಿಂದು ನಾಲ್ಕು ಸ್ಥಾನ ಸರಿಯುತ್ತದೆ.

ಉತ್ತರ: ಈ ಸುಲಭ ಎಲ್ಲ ಹತ್ತರ ಲೆಕ್ಕಕ್ಕೆ ಮಾತ್ರ. ನಮ್ಮ ಕಡೆ ಜಮೀನಿನ ಅಳತೆ 2.20 ಅಂತ ಬರೆದಿದ್ದರೆ ಅದು 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂವರೆ ಎಕರೆ! ಅದನ್ನು ದಶಮಾಂಶ ಅಂದುಕೊಂಡು ಲೆಕ್ಕ ಹಾಕಿದರೆ 12 ಗುಂಟೆ ಖೋತಾ.

ಪ್ರಶ್ನೆ ಕೇಳಿದವರು: ತಕ್ಕಡಿ ಇದೆ, ಇವತ್ತು ಸಂಜೆಯೇ ತೂಗಿಸುತ್ತೇನೆ. ಥ್ಯಾಂಕ್ಸ್.