ಆಟಿಗೆ ಗಂಧ, ಸೆಕೆಗೆ ನೀಲಗಿರಿ. ಚಳಿಗೆ ಯಾವ ಶೇವಿಂಗ್ ಸೋಪು?

ನೀರ್ಚಾಲಿನವ:
ಎಲ್ಲರಿಗೂ ನಮಸ್ಕಾರ. ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ ಗಡ್ಡ ತೆಗೆಯುವವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಬೇಸಿಗೆಗೆ ನಿಂಬೆ, ಚಳಿಗೆ ಗಂಧ ಅಂತ ಹೊರದೇಶದವರು ಹೇಳುತ್ತಾರೆ. ಅವರ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಆ ಲೆಕ್ಕ ಹೊಂದುವುದಿಲ್ಲ.

ನನ್ನ ಪ್ರಕಾರ ಗಂಧದ ಕಾಲ ಎಂದರೆ ಆಟಿ, ಜುಲೈ-ಆಗಸ್ಟಿನ ಮಳೆ ತಿಂಗಳು. ಹೊರಗೆ ಜಡಿಮಳೆ, ಬಚ್ಚಲಿನ ಒಲೆಯಲ್ಲಿ ಅರೆ ಒದ್ದೆ ತೆಂಗಿನ ಕೊತ್ತಳಿಗೆ, ಹಂಡೆಯಲ್ಲಿ ಕುದಿಯುವ ನೀರು. ಪ್ರೊರಾಸೊ ಕಂಪೆನಿಯ ಗಂಧದ ಸೋಪಿನ ಕೆಂಪು ಡಬ್ಬಿಯ ಮುಚ್ಚಳ ತೆಗೆದಾಗ ದೊಡ್ಡ ಪರಿಮಳವೇನೂ ಬರುವುದಿಲ್ಲ. ಬಿಸಿನೀರಲ್ಲಿ ನೆನೆದ ಬ್ರಷ್ಷನ್ನು ಸೋಪಿನ ಮೇಲೆ ತಿರುಗಿಸುತ್ತಾ ಹೋಗಬೇಕು. ಮೊದಲು ನೀರು ನೀರಾದ ಗುಳ್ಳೆ, ಆಮೇಲೆ ನೊರೆ ಬಿಗಿಯಾಗಿ ಮೊಸರಿನಂತೆ ಬ್ರಷ್ಷಿಗೆ ಅಂಟುತ್ತದೆ. ಆ ಹೊತ್ತಿಗೆ ಹೊಗೆ ವಾಸನೆಯ ಮಧ್ಯೆ ಗಂಧ ಏಳುತ್ತದೆ. ಗಂಧ ಬೇಗ ಆರಿಹೋಗುವ ಜಾತಿಯಲ್ಲ. ಮುಖ ತೊಳೆದು, ಪಟಿಕದ ಕಲ್ಲು ಉಜ್ಜಿ, ತೋಟಕ್ಕೆ ಒಂದು ಸುತ್ತು ಹೋಗಿ ಬಂದರೂ ಕೆನ್ನೆಯಲ್ಲಿ ಇನ್ನೂ ಇರುತ್ತದೆ.

ಅದೇ ಸೋಪು ಏಪ್ರಿಲಿನಲ್ಲಿ ನನಗೆ ಆಗುವುದಿಲ್ಲ. ಬೆವರಿನ ಜೊತೆ ಸೇರಿ ತಲೆ ಭಾರ. ಆಗ ಅದೇ ಕಂಪೆನಿಯ ಹಸಿರು ಡಬ್ಬಿ, ನೀಲಗಿರಿ ಎಣ್ಣೆ ಮತ್ತು ಮೆಂಥಾಲ್ ಇರುವುದು. ಇಟಲಿಯ ಫ್ಲಾರೆನ್ಸಿನಲ್ಲಿ 1948ರಿಂದ ಇದೆ ಈ ಹೆಸರು. ಮೆಂಥಾಲ್ ನಿಜವಾಗಿ ಮುಖವನ್ನು ತಣ್ಣಗೆ ಮಾಡುವುದಿಲ್ಲ, ತಂಪು ತಿಳಿಯುವ ನರಗಳನ್ನು ಎಬ್ಬಿಸುತ್ತದೆ ಅಷ್ಟೆ. ಮೇ ತಿಂಗಳ ಸೆಕೆಯಲ್ಲಿ ಅಷ್ಟಾದರೂ ಸಾಕು, ಅಲ್ವಾ?

ಉಳಿದದ್ದು ಡಿಸೆಂಬರ್, ಜನವರಿ. ಬೆಳಿಗ್ಗೆ ಸಣ್ಣ ಚಳಿ, ಒಣ ಗಾಳಿ, ಅಂಗಳದ ತುಂಬ ಅಡಿಕೆ. ಆ ಗಾಳಿಗೆ ಯಾವ ಪರಿಮಳ ಒಪ್ಪುತ್ತದೆ? ಬರೀ ಲ್ಯಾವೆಂಡರ್ ಬಳಸಿ ನೋಡಿದೆ, ಪೌಡರಿನ ಹಾಗೆ ಅನಿಸಿತು.

ಮಂಜೇಶ್ವರದ ಮಾಷ್ಟ್ರು:
ಜರ್ಮನಿಯ ಟಬಾಕ್ ಸೋಪು ನೋಡಿ. 1959ರ ಪರಿಮಳ, ಮಸಾಲೆ ಸ್ವಲ್ಪ ಎದ್ದು ಕಾಣುತ್ತದೆ. ಪೌಡರಿನ ಛಾಯೆ ಅದರಲ್ಲೂ ಇದೆ, ಆದರೆ ಬರೀ ಲ್ಯಾವೆಂಡರಿನಷ್ಟು ಸಪ್ಪೆಯಲ್ಲ.

ಇನ್ನೊಂದು ಮಾತು. ನೀವೆಲ್ಲ ಸೋಪಿನ ಬಗ್ಗೆಯೇ ಹೇಳುತ್ತೀರಿ, ನೀರನ್ನು ಮರೆಯುತ್ತೀರಿ. ನಿಮ್ಮ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಮೆದು. ನಮ್ಮದು ಕಡಲ ಬದಿಯ ಬಾವಿ, ಏಪ್ರಿಲ್ ಬಂದರೆ ಉಪ್ಪು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಕೆನೆಗಟ್ಟಿಸುತ್ತವೆ. ನೊರೆ ನಿಲ್ಲುವುದಿಲ್ಲ. ನೊರೆ ಇಲ್ಲದಿದ್ದರೆ ಪರಿಮಳ ಏಳುವುದೆಲ್ಲಿಂದ? ಸೆಕೆಗಾಲದಲ್ಲಿ ನಾನು ಶೇವಿಂಗಿಗೆಂದೇ ಒಂದು ಚೊಂಬು ಸಿಹಿನೀರು ಬೇರೆ ಇಡುತ್ತೇನೆ.

ಮುಳ್ಳೇರಿಯದ ಸೋಪು ಮನೆ:
ನಾನು ಅಪ್ಪನಿಗೆ ಮನೆಯಲ್ಲೇ ಶೇವಿಂಗ್ ಸೋಪು ಮಾಡಿಕೊಡುವವಳು. ತೆಂಗಿನೆಣ್ಣೆ ಮಾತ್ರ ಹಾಕಿದರೆ ಗುಳ್ಳೆ ದೊಡ್ಡದು, ಬೇಗ ಒಡೆಯುತ್ತದೆ, ಚರ್ಮವೂ ಬಿಗಿಯುತ್ತದೆ. ನೊರೆ ಬಿಗಿಯಾಗಿ ನಿಲ್ಲಲು ಸ್ಟಿಯರಿಕ್ ಆಮ್ಲ, ಅಂದರೆ ಕೊಬ್ಬಿನ ಒಂದು ಆಮ್ಲ, ಜಾಸ್ತಿ ಬೇಕು. ಕ್ಷಾರವಾಗಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುವುದರಿಂದ ಸೋಪು ಮೆತ್ತಗಿದ್ದು ಬ್ರಷ್ಷಿಗೆ ಸುಲಭವಾಗಿ ಬರುತ್ತದೆ.

ಚಳಿಗೆ ನನ್ನ ಆಯ್ಕೆ ಲಾವಂಚ. ಬೇರಿನ ಎಣ್ಣೆ, ಮಣ್ಣಿನ ವಾಸನೆ, ನಿಧಾನ ಬಿಟ್ಟುಕೊಡುತ್ತದೆ. ನಿಂಬೆ ಎಣ್ಣೆ ಹಾಕಿದ ಸೋಪು ಹಾಗಲ್ಲ. ಮಾಡಿದಾಗ ಜೋರು, ತಿಂಗಳುಗಳು ಕಳೆದಂತೆ ಇಳಿದುಬಿಡುತ್ತದೆ. ಸೆಕೆಗಾಲಕ್ಕೆ ಬೇಕಾದ್ದನ್ನು ಸೆಕೆಗಾಲದ ಬಾಗಿಲಲ್ಲೇ ಮಾಡಬೇಕು.

ಅಂಗಡಿಯಲ್ಲಿ ಕೊಳ್ಳುವುದಾದರೆ ಫೂಜೇರ್ ಎಂಬ ಪರಿಮಳದ ಜಾತಿಯದ್ದು ಹುಡುಕಿ. ಲ್ಯಾವೆಂಡರ್, ಓಕ್ ಮರದ ಪಾಚಿ, ಕೂಮರಿನ್ ಸೇರಿದ್ದು. ಪ್ಯಾರಿಸಿನ ಸುಗಂಧ ಕಂಪೆನಿ ಊಬಿಗಾನ್ 1882ರಲ್ಲಿ ಈ ಜಾತಿಯನ್ನು ಶುರುಮಾಡಿತು. ಕೂಮರಿನ್ ಅಂದರೆ ಒಣಗಿದ ಹುಲ್ಲಿನ ಪರಿಮಳ. ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದು ಬೈಹುಲ್ಲು ಒಟ್ಟಿದ ಕೊಟ್ಟಿಗೆಯ ಹತ್ತಿರ ಡಿಸೆಂಬರಿನಲ್ಲಿ ನಿಂತರೆ ಅದೇ ಬರುವುದು. ನಿಮ್ಮ ಆ ಗಾಳಿಗೆ ಇದಕ್ಕಿಂತ ಹತ್ತಿರದ್ದು ನನಗೆ ಗೊತ್ತಿಲ್ಲ.

ಅಡೂರು ಸ್ವಾಮಿ:
ಡಿಸೆಂಬರಿನಲ್ಲಿ ನನಗೆ ಸೋಪೇ ಬೇಡ. ಮಾಲೆ ಹಾಕಿದರೆ 41 ದಿನ ಗಡ್ಡ ತೆಗೆಯುವ ಕ್ರಮವಿಲ್ಲ. ಶಬರಿಮಲೆಯಿಂದ ಬಂದ ಮೇಲೆ ಕತ್ತರಿಯಲ್ಲಿ ಗಿಡ್ಡ ಮಾಡಿ, ಬಿಸಿನೀರಿನ ಬಟ್ಟೆ ಒತ್ತಿ, ಆಮೇಲೆ ಗಂಧದ ಸೋಪು. ಅಷ್ಟು ದಿನ ಮುಚ್ಚಿದ್ದ ಚರ್ಮಕ್ಕೆ ಮೆಂಥಾಲ್ ಬೇಡ, ಉರಿಯುತ್ತದೆ.

ನೀರ್ಚಾಲಿನವ:
ಮಾಷ್ಟ್ರೇ, ನೀರಿನ ವಿಷಯ ನೂರಕ್ಕೆ ನೂರು ಸರಿ. ಕಡಲ ಬದಿಯ ಕುಂಬಳೆಯ ಭಾವನ ಮನೆಯಲ್ಲಿ ಇದೇ ಸೋಪಿಗೆ ನೊರೆ ಯಾಕೆ ಬರುವುದಿಲ್ಲ ಅಂತ ಈಗ ಗೊತ್ತಾಯಿತು. ಟಬಾಕ್ ಕೂಡ ತರಿಸಿ ನೋಡುತ್ತೇನೆ.

ಸ್ವಾಮಿ, ಒಪ್ಪಿದೆ.

ಮುಳ್ಳೇರಿಯದ ಅಕ್ಕಾ, ಬೈಹುಲ್ಲು ಅಂದ ಕೂಡಲೇ ನನಗೆ ಬೇಕಾದ್ದು ಅದೇ ಅನಿಸಿತು. ಫೂಜೇರ್ ತರಿಸುತ್ತೇನೆ. ಅದರ ಜೊತೆ ನಿಮ್ಮ ಲಾವಂಚದ್ದೂ ಒಂದು ಡಬ್ಬಿ ಕೊಡಬಹುದಾ? ದೀಪಾವಳಿ ಕಳೆದು ಆ ಕಡೆ ಬರುವುದಿದೆ. ಎಣ್ಣೆ ಸ್ವಲ್ಪ ಜಾಸ್ತಿಯೇ ಇರಲಿ.