ಅಜ್ಜನ ಅಂಬಾಸಿಡರ್: ನಮ್ಮ ಮನೆ ಗುಂಪಿನ ಮಾತುಕತೆ

ದೊಡ್ಡಪ್ಪ: ನೀರು ಇಳೀತು. ಕಾರನ್ನ ಶೆಡ್ಡಿಂದ ಹೊರಗೆ ಎಳೆಸಿದ್ವಿ. ಸ್ಟೀರಿಂಗ್ ಮಟ್ಟಕ್ಕೆ ಕೆಸರಿನ ಗೆರೆ. 2019ರ ಆಗಸ್ಟ್ ಮಳೇಲೂ ಹೇಮಾವತಿ ಇಲ್ಲಿ ತನಕ ಬಂದಿರ್ಲಿಲ್ಲ.

ಬೆಂಗಳೂರು ಅಣ್ಣ: ಬೇಜಾರು ಮಾಡ್ಕೋಬೇಡಿ ದೊಡ್ಡಪ್ಪ. ನಾನು ಲಾರೀಲಿ ಇಲ್ಲಿಗೆ ತರಿಸ್ತೀನಿ. ಪೂರ್ತಿ ಬಿಚ್ಚಿಸಿ ಹೊಸ ಪೇಂಟು, ಆಮೇಲಿನ ಅಂಬಾಸಿಡರಿಗೆ ಬರ್ತಿದ್ದ ಇಸುಜು ಇಂಜಿನ್, ಪವರ್ ಸ್ಟೀರಿಂಗ್, ಏಸಿ. ಖರ್ಚೆಲ್ಲ ನಂದು.

ಅತ್ತೆ: ಸ್ಟಾರ್ಟ್ ಮಾಡಿ ನೋಡಿದ್ರಾ?

ನಾನು: ಅಯ್ಯೋ ಅತ್ತೆ, ಕೀ ಮುಟ್ಟೋದೇ ಬೇಡ! ಸಿಲಿಂಡರಲ್ಲಿ ನೀರಿದ್ರೆ ಪಿಸ್ಟನ್ ಅದನ್ನ ಒತ್ತಕ್ಕಾಗಲ್ಲ, ಪಿಸ್ಟನ್ನಿಗೆ ಜೋಡಿಸಿರೋ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತೆ. ದೊಡ್ಡಪ್ಪ, ಮೊದಲು ಬ್ಯಾಟರಿ ಕಳಚಿಸಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಡೀಸೆಲ್ ಬಿಟ್ಟು, ಮುಂದಿನಿಂದ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸ್ಬೇಕು. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ತಿರುಗಿಸೋ ಡಿಫರೆನ್ಷಿಯಲ್ ಮೂರರ ಆಯಿಲೂ ಇಳಿಸಿ. ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ನೀರು ಸೇರಿದೆ ಅಂತ.

ಚಿಕ್ಕಪ್ಪ: ಸೀಟು ಬಿಚ್ಚಿ ಏಲಕ್ಕಿ ಒಣಗಿಸೋ ಮನೇಲಿ ಇಟ್ಟಿದೀನಿ. ಈ ಮಳೇಲಿ ಬಿಸಿಲೆಲ್ಲಿ?

ನಾನು: ಒಳ್ಳೇದಾಯ್ತು ಚಿಕ್ಕಪ್ಪ. ಅಣ್ಣ, ನಿನ್ನ ಪ್ರೀತಿ ಗೊತ್ತು, ಆದ್ರೆ ಇಸುಜು ಬೇಡ. 1968ರ ಮಾರ್ಕ್ 2 ಅದು, 1489 ಸಿಸಿ ಇಂಜಿನ್. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರು ಮೂಲ ರೂಪದಲ್ಲೇ ಇದ್ರೆ ಮಾತ್ರ ವಿಂಟೇಜ್ ರಿಜಿಸ್ಟ್ರೇಷನ್. ಇಂಜಿನ್ ಬದಲಿಸಿದ್ರೆ ಅದೂ ಹೋಯ್ತು.

ಬೆಂಗಳೂರು ಅಣ್ಣ: ವಿಂಟೇಜ್ ಮಾಡಿಸಿದ್ರೆ ದಿನಾ ಓಡಿಸೋ ಹಾಗೇ ಇಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ ಅಷ್ಟೇ. ಅಜ್ಜ ಅದನ್ನ ಪೂಜೆಗೆ ತಂದಿದ್ರಾ? ಇನ್ನೊಂದು, ಅಂಬಾಸಿಡರಿಗೆ ಜೀಪಿನ ಹಾಗೆ ಬೇರೆ ಚಾಸಿ, ಅಂದ್ರೆ ಕೆಳಗಿನ ಉಕ್ಕಿನ ಚೌಕಟ್ಟು, ಇಲ್ಲ ಕಣೋ. ಬಾಡಿನೇ ಭಾರ ಹೊರೋದು. ತುಕ್ಕು ಬಿಟ್ರೆ ನಡುವೆ ಕುಸಿಯುತ್ತೆ.

ನಾನು: ತುಕ್ಕಿನ ವಿಷಯ ನೂರಕ್ಕೆ ನೂರು ಒಪ್ತೀನಿ. ನೆಲ ತೂತಾದ ಕಡೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡ್ಸೋಣ. ಬ್ರೇಕು, ವೈರಿಂಗು ಹೊಸದೇ ಆಗ್ಲಿ, ಅದು ಜೀವದ ಪ್ರಶ್ನೆ. ಆದ್ರೆ ಹೊರಗಿನ ಬಣ್ಣ ಕೆರೆಸ್ಬೇಡ. ಹಿಂದಿನ ಬಾಗಿಲ ಹತ್ರ ಕಾಫಿ ಮೂಟೆ ಉಜ್ಜಿ ಉಜ್ಜಿ ಬಿದ್ದ ಗೀರುಗಳಿವೆ. ಡ್ಯಾಶ್‌ಬೋರ್ಡ್ ಡಬ್ಬಿ ಮುಚ್ಚಳದ ಒಳಗೆ ಆಯಿಲ್ ಬದಲಿಸಿದ ತಾರೀಖುಗಳನ್ನ ಅಜ್ಜ ಪೆನ್ಸಿಲಲ್ಲಿ ಬರೆದಿದ್ರು. ದೊಡ್ಡಪ್ಪ, ಅದು ಇದೆಯಾ?

ದೊಡ್ಡಪ್ಪ: ಒದ್ದೆ ಬಟ್ಟೇಲಿ ಕೆಸರು ಒರೆಸಿ ನೋಡ್ದೆ. ಹಾಗೇ ಇದೆ.

ಅತ್ತೆ: ಅದಕ್ಕೆ ಮಾತ್ರ ಪೇಂಟ್ ಹೊಡೆಸ್ಬೇಡ ಮಗಾ.

ಬೆಂಗಳೂರು ಅಣ್ಣ: ಆಯ್ತು ಅತ್ತೆ, ಮುಚ್ಚಳ ಮುಟ್ಟಲ್ಲ. ಹೊರಗಿನ ಬಣ್ಣದ ವಿಷಯ ನಾನಿನ್ನೂ ಒಪ್ಪಿಲ್ಲ. ಭಾನುವಾರ ಮೂಡಿಗೆರೆಗೆ ಬರ್ತೀನಿ, ಕಾರು ನೋಡ್ಕೊಂಡೇ ಮಾತಾಡೋಣ.

ದೊಡ್ಡಪ್ಪ: ಗೇರ್‌ಬಾಕ್ಸ್ ಆಯಿಲ್ ಕಾಫಿ ಬಣ್ಣಾನೇ. ಬರೋವಾಗ ಹೊಸ ಆಯಿಲ್ ತಗೊಂಡ್ ಬಾ.