ಕರಗಿದ್ದು, ಕರಗದ್ದು, ಒತ್ತರ, ಗಸಿ: ಎಲ್ಲಿ ಯಾವ ಪದ?

ಪ್ರಶ್ನೆ: ಪ್ರೌಢಶಾಲೆಯ ರಸಾಯನ ವಿಜ್ಞಾನದ ಪಾಠವೊಂದನ್ನು ತಿದ್ದುವಾಗ ಎದುರಾದ ಮೂರು ತೊಡಕುಗಳಿವು. ವಸ್ತುವೊಂದು ಎಷ್ಟು ಕರಗಬಲ್ಲದು ಎಂದು ಹೇಳಲು ಒಂದೇ ಪುಟದಲ್ಲಿ ದ್ರಾವ್ಯತೆ, ವಿಲೀನತೆ, ವಿಲೇಯತೆ ಮೂರೂ ಬಂದಿವೆ, ಅರ್ಥ ಒಂದೆಯೇ? ‘ಪ್ರಕ್ಷೇಪ’ (ದ್ರಾವಣದೊಳಗೆ ಹೊಸದಾಗಿ ಹುಟ್ಟುವ, ಕರಗದ ಘನವಸ್ತು) ಎಂದಿರುವಲ್ಲಿ ‘ಗಸಿ’ ಎಂದರೆ ಮಕ್ಕಳಿಗೆ ಬೇಗ ಹತ್ತುವುದಿಲ್ಲವೇ, ಅಥವಾ ‘ಒತ್ತರ’ವೇ ಸರಿಯೇ? ಕೊನೆಯದಾಗಿ, “ಸುಣ್ಣಕಲ್ಲು ನೀರಿನಲ್ಲಿ ಕರಗುವುದಿಲ್ಲ, ಆಮ್ಲದಲ್ಲಿ ಕರಗುತ್ತದೆ” ಎಂಬ ವಾಕ್ಯವನ್ನು ಹಾಗೇ ಬಿಡಬಹುದೇ?

ಉತ್ತರ: ಕೊನೆಯದರಿಂದಲೇ ಶುರುಮಾಡೋಣ, ಗೊಂದಲದ ಬೇರಿರುವುದು ‘ಕರಗು’ ಎಂಬ ಕ್ರಿಯಾಪದದಲ್ಲಿ. ಮಂಜುಗಡ್ಡೆ ಕರಗುತ್ತದೆ, ಉಪ್ಪು ಕರಗುತ್ತದೆ, ಸುಣ್ಣಕಲ್ಲೂ ಆಮ್ಲದಲ್ಲಿ ಕರಗುತ್ತದೆ. ಗಟ್ಟಿಯಾಗಿದ್ದದ್ದು ಕಣ್ಣಿಂದ ಮರೆಯಾದರೆ ಕನ್ನಡಕ್ಕೆ ಅಷ್ಟು ಸಾಕು. ರಸಾಯನಕ್ಕೆ ಸಾಲದು. ಮಂಜುಗಡ್ಡೆಗೆ ಬೇಕಾದದ್ದು ಶಾಖ ಮಾತ್ರ, ಅಲ್ಲಿ ಎರಡನೆಯ ವಸ್ತುವೇ ಇಲ್ಲ. ಉಪ್ಪನ್ನು ಆ ಅರ್ಥದಲ್ಲಿ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು; ನೀರಿನಲ್ಲಿ ಅದು ತಣ್ಣಗಿದ್ದಾಗಲೇ ಕರಗುತ್ತದೆ, ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿ, ಬಿಡಿಬಿಡಿಯಾಗಿ ನೀರಿನ ಅಣುಗಳ ನಡುವೆ ಹರಡಿಕೊಳ್ಳುತ್ತದೆ. ಸುಣ್ಣಕಲ್ಲು ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೊರೆಗುಟ್ಟುತ್ತಾ ಮಾಯವಾಗುತ್ತದೆ, ಅದು ಬೇರೆಯೇ ಕಥೆ: ಕಾರ್ಬನ್ ಡೈಆಕ್ಸೈಡ್ ಹೊರಹೋಯಿತು, ಉಳಿದದ್ದು ಕ್ಯಾಲ್ಸಿಯಂ ಕ್ಲೋರೈಡ್.

ಬೇರ್ಪಡಿಸಿ ತೋರಿಸಲು ಸುಲಭದ ಪರೀಕ್ಷೆಯೊಂದಿದೆ. ದ್ರಾವಣದ ನೀರನ್ನು ಪೂರ್ತಿ ಆವಿಯಾಗಿಸಿ. ಹಾಕಿದ್ದೇ ಮರಳಿ ಸಿಕ್ಕರೆ ಅದು ಕರಗಿತ್ತು. ಬೇರೆಯದು ಸಿಕ್ಕರೆ ವರ್ತಿಸಿತ್ತು. ಹಾಗಾಗಿ ವಾಕ್ಯವನ್ನು “ನೀರಿನಲ್ಲಿ ಕರಗುವುದಿಲ್ಲ, ಆಮ್ಲದೊಡನೆ ವರ್ತಿಸಿ ಕರಗುವ ಲವಣವಾಗುತ್ತದೆ” ಎಂದು ತಿದ್ದಿ. ಮಂಜುಗಡ್ಡೆಗೆ ‘ಕರಗು’ ಬೇಡವೆನ್ನುವುದು ಹಟವಾದೀತು. ಎರಡೂ ಒಂದೇ ಪಾಠದಲ್ಲಿ ಬಂದಾಗ ಮಾತ್ರ ‘ಕರಗಿ ನೀರಾಗು’, ‘ನೀರಿನಲ್ಲಿ ಕರಗು’ ಎಂದು ಬಿಡಿಸಿ ಹೇಳಿ.

ದ್ರಾವ್ಯತೆ, ವಿಲೀನತೆ, ವಿಲೇಯತೆ ಮೂರೂ ಪಠ್ಯಗಳಲ್ಲಿ ಒಂದೇ ಅರ್ಥಕ್ಕೆ ಬಂದಿವೆ. ಒಂದನ್ನು ಆರಿಸಿ, ಕೊನೆಯವರೆಗೂ ಅದನ್ನೇ ಬಳಸಿ. ದ್ರಾವ್ಯತೆಗೆ ಒಂದು ಕುಂದಿದೆ: ‘ದ್ರಾವ್ಯ’ ಎಂದರೆ ಕರಗಿರುವ ವಸ್ತುವೂ ಹೌದು, ಕರಗಬಲ್ಲ ಎಂಬ ವಿಶೇಷಣವೂ ಹೌದು. ‘ಈ ದ್ರಾವ್ಯ ದ್ರಾವ್ಯವಲ್ಲ’ ಎಂದು ಬರೆಯಬೇಕಾದ ಪ್ರಸಂಗ ಬಂದೀತು! ವಿಲೀನತೆಯಲ್ಲಿ ಆ ತೊಂದರೆ ಇಲ್ಲ, ಆದರೆ ‘ವಿಲೀನ’ ಭೂತಕೃದಂತ, ಈಗಾಗಲೇ ಕರಗಿಹೋದದ್ದು. ಕರಗುವ ಸಾಮರ್ಥ್ಯವನ್ನು ಸೂಚಿಸಲು ವ್ಯಾಕರಣದ ಲೆಕ್ಕದಲ್ಲಿ ವಿಲೇಯತೆಯೇ ಮೇಲು. ಅಷ್ಟಾದರೂ ನನ್ನ ಒಲವು ವಿಲೀನತೆಗೆ, ಕಿವಿಗೆ ಅದು ಹೆಚ್ಚು ಪರಿಚಿತ.

ಹೆಸರಿಗಿಂತ ಹೆಚ್ಚು ಎಡವುವುದು ಅದರ ವಿವರಣೆಯಲ್ಲಿ. ‘ಚೆನ್ನಾಗಿ ಕರಗುತ್ತದೆ’ ಎಂದರೆ ಬೇಗ ಕರಗುತ್ತದೆಯೋ, ಹೆಚ್ಚು ಕರಗುತ್ತದೆಯೋ? ಪುಡಿಮಾಡಿದರೆ, ಕಲಕಿದರೆ ಹೆಚ್ಚುವುದು ವೇಗ ಮಾತ್ರ. ವಿಲೀನತೆ ಪ್ರಮಾಣದ ಮಾತು: ಇಂತಿಷ್ಟು ಉಷ್ಣತೆಯಲ್ಲಿ 100 ಗ್ರಾಂ ನೀರು ಗರಿಷ್ಠ ಎಷ್ಟು ಗ್ರಾಂ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು. 20 ಡಿಗ್ರಿಯಲ್ಲಿ ಅಡುಗೆ ಉಪ್ಪು ಸುಮಾರು 36 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ ಸುಮಾರು 32 ಗ್ರಾಂ. 60 ಡಿಗ್ರಿಗೆ ಏರಿಸಿದರೆ ಉಪ್ಪಿನದು 37ರ ಆಸುಪಾಸಿನಲ್ಲೇ ನಿಲ್ಲುತ್ತದೆ, ನೈಟ್ರೇಟ್‌ನದು 110ಕ್ಕೆ ಜಿಗಿಯುತ್ತದೆ. ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಉಷ್ಣತೆ ಬರೆಯದ ವಿಲೀನತೆಯ ಅಂಕಿಗೆ ಅರ್ಥವಿಲ್ಲ.

‘ಕರಗದ’ ಎಂಬ ರೂಪದ ಮೇಲೂ ಕಣ್ಣಿರಲಿ. ಕನ್ನಡದ ನಿಷೇಧ ಕೃದಂತಕ್ಕೆ ಕಾಲವಿಲ್ಲ. ‘ಕರಗದ ಉಪ್ಪು’ ಎಂದರೆ ಕರಗದೆ ಉಳಿದದ್ದೂ ಆಯಿತು, ಕರಗುವ ಗುಣವೇ ಇಲ್ಲದ್ದೂ ಆಯಿತು. 20 ಡಿಗ್ರಿಯ 100 ಗ್ರಾಂ ನೀರಿಗೆ 40 ಗ್ರಾಂ ಉಪ್ಪು ಹಾಕಿದರೆ ತಳದಲ್ಲಿ ಸುಮಾರು 4 ಗ್ರಾಂ ನಿಲ್ಲುತ್ತದೆ. ಅದನ್ನು ‘ಕರಗದೆ ಉಳಿದ ಉಪ್ಪು’ ಎನ್ನಿ. ‘ಅವಿಲೀನ’ ಎಂಬ ಪದ ಬೇರಿಯಂ ಸಲ್ಫೇಟಿನಂಥದಕ್ಕೆ ಇರಲಿ, ಅದೇ 20 ಡಿಗ್ರಿಯಲ್ಲಿ ಅದು ಲೀಟರಿಗೆ 2.5 ಮಿಲಿಗ್ರಾಂನಷ್ಟೂ ಕರಗದು. ಅಷ್ಟಾದರೂ ಸೊನ್ನೆಯಲ್ಲ ಎಂಬುದು ಮುಂದಿನ ತರಗತಿಯಲ್ಲಿ ವಿಲೀನತಾ ಗುಣಲಬ್ಧ (ಇನ್ನು ಕರಗದಷ್ಟು ತುಂಬಿದ ದ್ರಾವಣದಲ್ಲಿ ಅಯಾನುಗಳ ಸಾರತೆಗಳನ್ನು ಗುಣಿಸಿ ಬರುವ ಅಂಕಿ) ಬಂದಾಗ ನೆನಪಿಗೆ ಬರಬೇಕು.

ಇನ್ನು ಗಸಿ. ಪ್ರಕ್ಷೇಪಕ್ಕೆ ಇದು ಆಗದು. ಗಸಿ, ಮಡ್ಡಿ, ಗಷ್ಟು ಇವೆಲ್ಲ ತಳದಲ್ಲಿ ನಿಂತದ್ದರ ಹೆಸರುಗಳು. ಹೇಗೆ ಬಂತೆಂದು ಇವು ಹೇಳುವುದಿಲ್ಲ. ಕದಡಿದ ನೀರಿನ ಮಣ್ಣು ಮೊದಲೂ ಗಟ್ಟಿ, ಆಮೇಲೂ ಗಟ್ಟಿ, ಬರಿದೆ ಇಳಿಯಿತು. ಪ್ರಕ್ಷೇಪ ಹಾಗಲ್ಲ. ಎರಡು ತಿಳಿ ದ್ರಾವಣಗಳು ಸೇರಿದ ಗಳಿಗೆಯಲ್ಲಿ, ಅದುವರೆಗೆ ಇಲ್ಲದಿದ್ದ ಘನವಸ್ತು ದ್ರಾವಣದೊಳಗೇ ಹುಟ್ಟುತ್ತದೆ. ಅದು ತಳ ಸೇರಲು ಗಂಟೆಗಟ್ಟಲೆ ಹಿಡಿಯಬಹುದು. ತೇಲಾಡುತ್ತಿರುವಾಗಲೂ ಅದು ಪ್ರಕ್ಷೇಪವೇ. ಪಟಿಕ ಹಾಕಿ ಬಗ್ಗಡದ ನೀರನ್ನು ತಿಳಿಗೊಳಿಸಿದಾಗ ತಳದಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ: ಹೊಸದಾಗಿ ಹುಟ್ಟಿದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಅದಕ್ಕೆ ಅಂಟಿಕೊಂಡು ಇಳಿದ ಮಣ್ಣು.

ಒತ್ತರವೋ ಪ್ರಕ್ಷೇಪವೋ? ‘ಪ್ರಕ್ಷೇಪ’ದಲ್ಲಿರುವುದು ಮುಂದಕ್ಕೆ ಎಸೆಯುವ ಅರ್ಥ, ಹಾಗಾಗಿ ನೆರಳು, ನಕ್ಷೆಗಳ ಗಣಿತದಲ್ಲೂ ಅದಕ್ಕೆ ಕೆಲಸವಿದೆ. ‘ಒತ್ತರಿಸು’ ಎಂದರೆ ಒತ್ತಿ ತಳ್ಳು. ಒತ್ತರಿಸಿ ಬರುವ ದುಃಖ ಉಕ್ಕಿ ಮೇಲೆ ಬರುತ್ತದೆ, ರಸಾಯನದ ಒತ್ತರ ಕೆಳಗಿಳಿಯುತ್ತದೆ, ತಮಾಷೆಯೇ. ಆದರೂ ದ್ರಾವಣ ತನ್ನೊಳಗಿಂದ ಹೊರತಳ್ಳಿದ್ದು ಎಂಬ ಚಿತ್ರ ಇದರಲ್ಲಿ ಚೆನ್ನಾಗಿ ಮೂಡುತ್ತದೆ, ಪದವೂ ಚಿಕ್ಕದು. ಪಠ್ಯದಲ್ಲಿ ಪ್ರಕ್ಷೇಪ ಇದ್ದರೆ ಅದನ್ನೇ ಇಟ್ಟು, ಮೊದಲ ಬಾರಿ ಬಂದಾಗ ಒತ್ತರ ಎಂದೂ ಸೂಚಿಸಿ. ಮೇಲೆ ನಿಂತದ್ದಕ್ಕೆ ‘ತಿಳಿ’, ಅದನ್ನು ಬೇರೆ ಮಾಡುವುದಕ್ಕೆ ‘ಬಸಿ’, ಕಾಗದದಲ್ಲಿ ಹಾಯಿಸುವುದಕ್ಕೆ ‘ಸೋಸು’, ಈ ಮೂರಕ್ಕೆ ಸಂಸ್ಕೃತದ ಹಂಗೇ ಬೇಕಿಲ್ಲ.

ಮರುಪ್ರಶ್ನೆ: ಬಿಸಿ ದ್ರಾವಣ ತಣಿದಾಗ ಹೊರಬರುವುದೂ ಒತ್ತರವೇ? ಸಲ್ಫೇಟ್ ಪರೀಕ್ಷೆಗೆ “ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಒತ್ತರ ಬಂದರೆ ಸಲ್ಫೇಟ್ ಇದೆ” ಎಂದಷ್ಟೇ ಬರೆದರೆ ಸಾಕೇ?

ಉತ್ತರ: ಮೊದಲನೆಯದಕ್ಕೆ ಲೆಡ್ ಅಯೊಡೈಡ್ ಒಳ್ಳೆಯ ಉದಾಹರಣೆ. 0.1 ಮೋಲಾರ್ (ಲೀಟರಿಗೆ 0.1 ಮೋಲ್ ಇರುವ) ಲೆಡ್ ನೈಟ್ರೇಟ್ ಅರ್ಧ ಮಿ.ಲೀ., ಅದೇ ಸಾರತೆಯ ಪೊಟ್ಯಾಸಿಯಂ ಅಯೊಡೈಡ್ 1 ಮಿ.ಲೀ. ಸೇರಿಸಿ, ಕ್ಷಣದಲ್ಲಿ ಹಳದಿ ಒತ್ತರ. ಒಟ್ಟು 10 ಮಿ.ಲೀ. ಆಗುವಷ್ಟು ಭಟ್ಟಿಯಿಳಿಸಿದ ನೀರು ಹಾಕಿ ಕುದಿಬರುವವರೆಗೆ ಕಾಯಿಸಿದರೆ ಬಣ್ಣ ಹೋಗಿ ತಿಳಿಯಾಗುತ್ತದೆ. ಅಲುಗಿಸದೆ ನಿಧಾನವಾಗಿ ತಣಿಸಿದರೆ ಅದೇ ವಸ್ತು ಹೊನ್ನಿನ ಹಾಳೆಯಂಥ ಹರಳುಗಳಾಗಿ ಮಿನುಗುತ್ತಾ ಇಳಿಯುತ್ತದೆ. ಮೊದಲನೆಯದು ಒತ್ತರ, ಎರಡನೆಯದಕ್ಕೆ ‘ಹರಳುಗಟ್ಟು’ ಎಂಬ ಸೊಗಸಾದ ಮಾತಿದೆ. ಇಲ್ಲಿ ತಪ್ಪುವುದು ಅಳತೆಯಲ್ಲಿ: ದ್ರಾವಣಗಳನ್ನು ಹತ್ತು ಪಟ್ಟು ತೆಗೆದುಕೊಂಡು ನೀರು ಅಷ್ಟೇ ಇಟ್ಟರೆ ಎಷ್ಟು ಕುದಿಸಿದರೂ ತಿಳಿಯಾಗದು. ಸೀಸ ವಿಷ, ಚರಂಡಿಗೆ ಚೆಲ್ಲದೆ ಬೇರೆ ಪಾತ್ರೆಯಲ್ಲಿ ಕೂಡಿಡಿ.

ಸಲ್ಫೇಟ್ ವಾಕ್ಯ ಸಾಲದು. ಕಾರ್ಬೊನೇಟ್ ಇದ್ದರೂ ಬಿಳಿ ಒತ್ತರ ಬರುತ್ತದೆ. ಅದನ್ನು ನೀಗಿಸಲು ಮೊದಲು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿ ಗುಳ್ಳೆ ನಿಲ್ಲುವವರೆಗೆ ಕಾದು, ಆಮೇಲೆ ಬೇರಿಯಂ ಕ್ಲೋರೈಡ್. ಕ್ಲೋರೈಡ್ ಪರೀಕ್ಷೆಯಲ್ಲಿ ಸಿಲ್ವರ್ ನೈಟ್ರೇಟಿಗೆ ಮುನ್ನ ಹಾಕಬೇಕಾದದ್ದು ನೈಟ್ರಿಕ್ ಆಮ್ಲ. ಹೈಡ್ರೋಕ್ಲೋರಿಕ್ ಹಾಕಿದರೆ ಹುಡುಕುತ್ತಿರುವುದನ್ನು ನಾವೇ ಸುರಿದಂತೆ. ನಲ್ಲಿನೀರು ಬಳಸಿದರೂ ಅದೇ ಎಡವಟ್ಟು, ಅದರಲ್ಲಿ ಸಾಮಾನ್ಯವಾಗಿ ಕ್ಲೋರೈಡ್ ಇರುತ್ತದೆ.

‘ಪ್ರಕ್ಷೇಪಿಸು’ ಸಕರ್ಮಕ. “ಸಿಲ್ವರ್ ಕ್ಲೋರೈಡ್ ಪ್ರಕ್ಷೇಪಿಸಿತು” ಎಂದರೆ ಅದು ಇನ್ನೇನನ್ನೋ ಎಸೆದಂತಾಗುತ್ತದೆ. ‘ಪ್ರಕ್ಷೇಪಗೊಂಡಿತು’ ಅಥವಾ ‘ಒತ್ತರವಾಯಿತು’ ಎಂದು ತಿದ್ದಿ.